ಮಂತ್ರಿಗಳ ಮಾತಿನ ಸೂಚಿ

17 ನವೆಂಬರ್ 2003, ಸೋಮವಾರ

ಇವತ್ತಿನಿಂದ ನನಗೆ ಕೆಲಸ ಸಿಕ್ಕಿದೆ. ಸಿಕ್ಕಿದೆ ಎನ್ನುವುದಕ್ಕಿಂತ ಹೆಂಡತಿ ಯಶೋದಾ ನನ್ನನ್ನು ಮನೆಯಿಂದ ಓಡಿಸಿದಳು ಎನ್ನುವುದೇ ಸರಿ. ಇಲ್ಲೇ ವಡೋದರಾದ ಮಕರಪುರದ ಸ್ವಿಚ್‌ಗೇರ್ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ನಾಲ್ಕು ತಿಂಗಳಾಯಿತು. ಇಪ್ಪತ್ತೆಂಟು ವರ್ಷ ಸ್ಟೆನೊ ಆಗಿದ್ದ ಮನುಷ್ಯ ಮನೆಯಲ್ಲಿ ಕುಳಿತರೆ ಏನು ಮಾಡುತ್ತಾನೆ? ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದೆ. ಫ್ರಿಜ್ಜಿನಲ್ಲಿದ್ದ ಸಾಂಬಾರಿಗೂ ತಾರೀಕು ಹಾಕಿದೆ. ಅದನ್ನು ನೋಡಿದ್ದೇ ಅವಳು, "ಮಾರಾಯ್ರೆ, ನೀವು ಎಲ್ಲಿಗಾದ್ರೂ ಹೋಗಿ ಬನ್ನಿ. ಇಲ್ಲದಿದ್ರೆ ನಾನು ದವಾಖಾನೆಯಲ್ಲೇ ಮಲಗ್ತೇನೆ" ಎಂದಳು.

ಅವಳು ನಮ್ಮ ಶ್ರಮಸಾಧನ ಕಾಲೊನಿಯ ಕಾರ್ಮಿಕ ದವಾಖಾನೆಯಲ್ಲಿ ಹದಿನಾರು ವರ್ಷದಿಂದ ನರ್ಸು. ಅಲ್ಲಿ ಬಿ.ಪಿ. ನೋಡಿಸಿಕೊಳ್ಳಲು ಬಂದ ಯಾರೋ ಹೇಳಿದರಂತೆ, ಮಂತ್ರಿಗಳ ಆಫೀಸಿಗೆ ಹಿಂದಿ ಇಂಗ್ಲಿಷ್ ಎರಡೂ ಬಲ್ಲ ಹಳೆಯ ಸ್ಟೆನೊ ಬೇಕು ಅಂತ. ನಮ್ಮ ಕ್ಷೇತ್ರದ ಧನವಂತಭಾಯಿ ಕೇಂದ್ರದಲ್ಲಿ ಕಾರ್ಮಿಕ ಖಾತೆಯ ರಾಜ್ಯ ಮಂತ್ರಿ. ಸಾರ್ವಜನಿಕ ಜೀವನಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ, ಬಜೆಟ್ ಮೇಲೆ, ಅಂಚೆ, ಆಸ್ಪತ್ರೆ, ನೀರು, ಬಸ್ಸುಗಳ ಮೇಲೆ ಅವರು ಲೋಕಸಭೆಯಲ್ಲಿ ಆಡಿದ ಮಾತು, ಕೊಟ್ಟ ಉತ್ತರ ಎಲ್ಲ ಸೇರಿಸಿ ದಪ್ಪ ಪುಸ್ತಕ ಮಾಡುತ್ತಾರಂತೆ. ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತೋರಿಸುವ ಸೂಚಿ ಕೊನೆಗೆ ಬರಬೇಕು. ಅದು ನನ್ನ ಪಾಲು. ಬಿಡುಗಡೆ ಜನವರಿ 25ಕ್ಕೆ.

ಅಲ್ಕಾಪುರಿಯ ಆಫೀಸಿನಲ್ಲಿ ಮೇಜು ಖಾಲಿ ಇಲ್ಲ ಎಂದು ಮಂತ್ರಿಗಳ ಪಿ.ಎ. ಬಕುಲೇಶ್ ಕಾಗದದ ಐದು ಕಟ್ಟು ಹೊರಿಸಿ ಕಳಿಸಿದ. ಎದುರಿಗೇ ನಮ್ಮೂರ ಕಡೆಯ ಶೇಷಾದ್ರಿಯ ಉಡುಪಿ ಹೋಟೆಲು. ಮೂಲೆ ಮೇಜು ಕೊಟ್ಟಿದ್ದಾನೆ. ಹನ್ನೆರಡರಿಂದ ಎರಡರವರೆಗೆ ಥಾಲಿಯವರಿಗೆ ಬಿಟ್ಟುಕೊಡಬೇಕು ಎಂಬುದೊಂದೇ ಷರತ್ತು.

20 ನವೆಂಬರ್, ಗುರುವಾರ

ಮುನ್ನೂರು ಪುಟ ಓದಿದೆ. ಧನವಂತಭಾಯಿ ಮೊದಲು ಅಧ್ಯಕ್ಷರಿಗೆ ವಂದನೆ ಹೇಳುತ್ತಾರೆ, ಆಮೇಲೆ ಒಂದು ಶಾಯರಿ, ಆಮೇಲೆ ಗದ್ದಲ. ಗದ್ದಲವನ್ನು ಸದನದ ವರದಿಗಾರರು ಕಂಸದಲ್ಲಿ ಬಹಳ ಮರ್ಯಾದೆಯಿಂದ ನಮೂದಿಸುತ್ತಾರೆ. ಅದೂ ಒಂದು ವಿಷಯವೇ ಅಲ್ಲವೇ ಎಂದುಕೊಂಡು ಎಣಿಸಿದೆ, ಅರವತ್ತೊಂದು ಕಡೆ ಬಂತು. ಸೂಚಿಯಲ್ಲಿ ಹಾಕಲೇ ಎಂದು ಬಕುಲೇಶನಿಗೆ ಫೋನು ಮಾಡಿದರೆ ಅವನು ನಗಲೇ ಇಲ್ಲ.

ಆದರೆ ಮನುಷ್ಯ ಬರೀ ಬೊಗಳೆ ಅಲ್ಲ. ವಿರೋಧ ಪಕ್ಷದಲ್ಲಿದ್ದಾಗ ಹಳ್ಳಿಯ ಅಂಚೆಯವರ ಬಗ್ಗೆ ಒಂದು ಗಂಟೆ ಮಾತನಾಡಿದ್ದಾರೆ, ಕಣ್ಣಲ್ಲಿ ನೀರು ಬರುವ ಹಾಗೆ. ಚೆನ್ನಾಗಿದೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು, ಮರುಕ್ಷಣ ಅಳಿಸಿದೆ. ಸ್ಟೆನೊಗೆ ಅಭಿಪ್ರಾಯ ಇರಬಾರದು. ಹೇಳಿದ್ದನ್ನು ಬರೆದುಕೊಳ್ಳಬೇಕು, ಬರೆದುಕೊಂಡದ್ದನ್ನು ಟೈಪು ಮಾಡಬೇಕು, ಸಂಜೆ ಮನೆಗೆ ಹೋಗಬೇಕು. ನಾನು ಬದುಕಿದ್ದು ಹಾಗೆಯೇ, ಯಾವ ತಾಪತ್ರಯವೂ ಬರಲಿಲ್ಲ.

27 ನವೆಂಬರ್, ಗುರುವಾರ

ಸೂಚಿ ಮಾಡುವವನು ನಾನು ಎಂಬ ಸುದ್ದಿ ಊರಿಗೆಲ್ಲ ಹಬ್ಬಿದೆ. ಮೂಲೆ ಮೇಜಿಗೆ ಈಗ ಭೇಟಿಗಾರರು. ಒಬ್ಬ ಕಾರ್ಪೊರೇಟರ್ ಬಂದು, "ನನ್ನ ಹೆಸರು ಎಷ್ಟು ಪುಟದಲ್ಲಿದೆ?" ಎಂದು ಕೇಳಿದ. ಒಂದೂ ಇಲ್ಲ ಎಂದೆ. "ನೋಡಿ, ಇರಬೇಕು" ಎಂದು ಒಂದು ಡಬ್ಬಿ ಪೇಡೆ ಇಟ್ಟು ಹೋದ. ಪುಸ್ತಕವನ್ನು ಯಾರೂ ಓದುವುದಿಲ್ಲ, ಸೂಚಿಯಲ್ಲಿ ತಮ್ಮ ಹೆಸರು ಹುಡುಕಿ ಮುಚ್ಚಿಡುತ್ತಾರೆ ಎಂಬ ಸತ್ಯ ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಪೇಡೆಯನ್ನು ಶೇಷಾದ್ರಿ ತಿಂದ. "ಪದ್ಮನಾಭಣ್ಣ, ನಂದೊಂದು ಹೆಸ್ರು ಹಾಕಿ ಮಾರಾಯ್ರೆ. ಇಡ್ಲಿ ಅಂತ ಎಲ್ಲಾದ್ರೂ ಮಾತಾಡಿದ್ರೆ ಅಲ್ಲಿ" ಎಂದ. ಇಡ್ಲಿಯ ಬಗ್ಗೆ ಮಂತ್ರಿಗಳು ಇಪ್ಪತ್ತೈದು ವರ್ಷದಲ್ಲಿ ಒಂದು ಮಾತೂ ಆಡಿಲ್ಲ.

4 ಡಿಸೆಂಬರ್, ಗುರುವಾರ

ಇವತ್ತು ಒಂದು ವಿಚಿತ್ರವಾಯಿತು. ವಿಷಯಕ್ಕೊಂದರಂತೆ ಬರೆದ ಚೀಟಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುತ್ತಿದ್ದೆ. 'ದ' ಪೆಟ್ಟಿಗೆಯಲ್ಲಿ ನಮ್ಮ ದವಾಖಾನೆಯೇ ಸಿಕ್ಕಿತು. ಶ್ರಮಸಾಧನ ಕಾಲೊನಿ ಎಂದು ಹೆಸರು ಹಿಡಿದೇ ಯಾರೋ ಸದಸ್ಯರು ಐದು ವರ್ಷ ಐದು ಸಲ ಕೇಳಿದ್ದಾರೆ: ಅಲ್ಲಿಗೆ ಲೇಡಿ ಡಾಕ್ಟರ್ ಯಾವಾಗ? 1999ರಲ್ಲಿ, ಪರಿಶೀಲಿಸಲಾಗುತ್ತಿದೆ. 2000ದಲ್ಲಿ, ಸಹಾನುಭೂತಿಯಿಂದ ಪರಿಶೀಲಿಸಲಾಗುತ್ತಿದೆ. 2001ರಲ್ಲಿ, ಬಜೆಟ್ಟಿನಲ್ಲಿ ಅವಕಾಶವಿದೆ. 2002ರಲ್ಲಿ, ಶೀಘ್ರದಲ್ಲಿ. ಈ ವರ್ಷ, ನಾನೇ ಖುದ್ದು ಗಮನಿಸುತ್ತೇನೆ. ಐದಕ್ಕೂ ಧನವಂತಭಾಯಿಯವರದೇ ಉತ್ತರ.

ಮನೆಯಲ್ಲಿ ಯಶೋದಾಗೆ ಓದಿ ಹೇಳಿದೆ. ಅವಳು ಬಟಾಟೆ ಸುಲಿಯುತ್ತಿದ್ದಳು. "ನಮ್ಮ ಹೆಸ್ರು ದಿಲ್ಲಿವರೆಗೂ ಹೋಗಿ ಬಂದಿದೆಯಾ?" ಎಂದು ಮೊದಲು ಹೆಮ್ಮೆಪಟ್ಟಳು. ಆಮೇಲೆ ಚಾಕು ಕೆಳಗಿಟ್ಟಳು. "ಅಲ್ಲ, ಕೇಳಿ. ಲೇಡಿ ಡಾಕ್ಟರ್ ಇಲ್ಲ ಅಂತ ಹೆಂಗಸ್ರು ಬರುದಿಲ್ಲ. ಹೆಂಗಸ್ರು ಬರುದಿಲ್ಲ ಅಂತ ಪೇಶಂಟ್ ಕಡಿಮೆ. ಪೇಶಂಟ್ ಕಡಿಮೆ ಅಂತ ಏಪ್ರಿಲ್‌ನಿಂದ ಬಾಗಿಲು ಹಾಕ್ತಾರಂತೆ. ಆಫೀಸಲ್ಲಿ ಎಲ್ಲ ಮಾತಾಡ್ತಾ ಇದ್ದಾರೆ. ಆಮೇಲೆ ಈ ಕಾಲೊನಿಯ ಬಸುರಿಯರು ಪೇಟೆ ಆಸ್ಪತ್ರೆಗೆ ಎರಡು ಬಸ್ಸು ಹಿಡಿದು ಹೋಗ್ಬೇಕು."

ನನಗೆ ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇರುತ್ತೇವೆ.

9 ಡಿಸೆಂಬರ್, ಮಂಗಳವಾರ

ಇನ್ನೂರು ಚೀಟಿ. ಬೆರಳು ನೋವು. ಬೇರೇನೂ ಇಲ್ಲ.

19 ಡಿಸೆಂಬರ್, ಶುಕ್ರವಾರ

ಅಹಮದಾಬಾದಿನ ಪ್ರೆಸ್ಸಿಗೆ ಹೋಗಿ ಸೂಚಿ ಕೊಟ್ಟು ಬಂದೆ. ಅಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ನಿತಿನ್ ನನ್ನ ಹಾಳೆ ನೋಡಿ, "ಅಂಕಲ್, ಸೂಚಿಯಲ್ಲಿ ಮೂರು ಕಾಲಂ ಯಾಕೆ? ವಿಷಯ, ಪುಟ ಇದ್ದರೆ ಸಾಕಲ್ಲವೇ?" ಎಂದ.

ಮೂರನೆಯದು 'ಕ್ರಮ'. ಕಾರ್ಖಾನೆಯಲ್ಲಿ ಕೊನೆಯ ಎಂಟು ವರ್ಷ ಗಿರಾಕಿಗಳ ದೂರುಗಳ ರಿಜಿಸ್ಟರು ನನ್ನ ಕೈಯಲ್ಲಿತ್ತು. ಯಾವ ಯಂತ್ರ, ಏನು ದೂರು, ಏನು ಕ್ರಮ. ಕ್ರಮ ಆಗಿದ್ದರೆ ತಾರೀಕು, ಆಗದಿದ್ದರೆ ಒಂದು ಅಡ್ಡಗೆರೆ. ಅದೇ ಕೈ ಇಲ್ಲೂ ಓಡಿದೆ. ಪುಸ್ತಕದಲ್ಲೇ ಮುಂದೆ ಎಲ್ಲಾದರೂ ಕೆಲಸ ಆಯಿತು ಎಂದು ಮಂತ್ರಿಗಳು ಹೇಳಿದ್ದರೆ ಆ ಪುಟ ಹಾಕಿದ್ದೇನೆ, ಹೇಳದಿದ್ದರೆ ಗೆರೆ. ಗೆರೆಗಳು ಸ್ವಲ್ಪ ಜಾಸ್ತಿಯೇ ಬಂದಿವೆ. ಇದ್ದ ಹಾಗೆ ಹಾಕಪ್ಪ ಎಂದೆ. ನಿತಿನ್ ಹಾಕಿದ.

ಬರುವಾಗ ರೈಲಿನಲ್ಲಿ ಕಡಲೆಕಾಯಿ ತಿನ್ನುತ್ತ ಆಣಂದ್ ದಾಟುವವರೆಗೂ ಖುಷಿಯಲ್ಲಿದ್ದೆ. ಅಚ್ಚುಕಟ್ಟಾದ ಕೆಲಸ ಮಾಡಿದಾಗ ಬರುವ ಖುಷಿ.

3 ಜನವರಿ 2004, ಶನಿವಾರ

ಕರಡು ಪ್ರತಿ ಬಕುಲೇಶನ ಮೇಜಿಗೆ ಬಂದಿದೆ. ಅವನು ನನ್ನನ್ನು ಕರೆಸಿ, ಬಾಗಿಲು ಹಾಕಿ, ಕೊನೆಯ ಪುಟಗಳ ಮೇಲೆ ಬೆರಳು ಕುಟ್ಟಿದ.

"ಪದ್ಮನಾಭಭಾಯಿ, ಇದು ಏನು ಗೆರೆ, ಗೆರೆ, ಗೆರೆ?"

ಕ್ರಮ ಆಗಿಲ್ಲದ್ದಕ್ಕೆ ಗೆರೆ ಎಂದೆ.

"ಚುನಾವಣೆ ಬರುತ್ತಿದೆ. ಸಾಹೇಬರು ಹಂಚುವುದು ಇದನ್ನೇ. ನೀವು ವಿರೋಧ ಪಕ್ಷದವರಿಗೆ ಕರಪತ್ರ ಬರೆದುಕೊಟ್ಟಿದ್ದೀರಿ."

ಸತ್ಯವಾಗಿ ನನಗೆ ಆ ಯೋಚನೆಯೇ ಬಂದಿರಲಿಲ್ಲ. ಕ್ಷಮೆ ಕೇಳಿದೆ. ಮೂರನೆಯ ಕಾಲಂ ಪೂರ್ತಿ ತೆಗೆಯುವುದು ಎಂದಾಯಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವನು ನಮ್ಮ ದವಾಖಾನೆಯ ಸಾಲಿನ ಮೇಲೆ ಬೆರಳಿಟ್ಟ. ಒಂದೇ ವಿಷಯ, ಐದು ಪುಟ, ಗೆರೆ ತೆಗೆದರೂ ಓದಿದವರಿಗೆ ತಿಳಿಯುತ್ತದೆ, ಈ ಸಾಲೂ ಬೇಡ, ಪುಸ್ತಕದೊಳಗಿನ ಆ ಐದು ಉತ್ತರವನ್ನೂ ತೆಗೆಸುತ್ತೇನೆ ಎಂದ. ಆಮೇಲೆ ದನಿ ತಗ್ಗಿಸಿ, "ಆ ದವಾಖಾನೆ ಏಪ್ರಿಲ್‌ಗೆ ಮುಚ್ಚುವುದು ನಿಜ. ಸಿಬ್ಬಂದಿಯೆಲ್ಲ ಸೂರತ್ ಕಡೆಗೆ. ಆದರೆ ಸಿಸ್ಟರ್ ಯಶೋದಾಬೆನ್ ನಮ್ಮವರು. ಅವರನ್ನು ವಡೋದರಾದಲ್ಲೇ ಇಟ್ಟುಕೊಳ್ಳುವುದು ನನ್ನ ಜವಾಬ್ದಾರಿ" ಎಂದ. ಚಹಾ ತರಿಸಿದ. ಮೊದಲ ಸಲ.

4 ಜನವರಿ, ಭಾನುವಾರ

ಯಶೋದಾಗೆ ಎಲ್ಲ ಹೇಳಿದೆ. ಸಿನಿಮಾದ ಹಾಗೆ ಆ ಸಾಲು ತೆಗೆಯಬೇಡಿ ಎನ್ನುತ್ತಾಳೆ ಎಂದು ನಾನು ಕಾದೆ.

"ತೆಗೀರಿ" ಎಂದಳು. "ನಂಗೆ ಸೂರತ್ ಬೇಡ. ಮಂಡಿನೋವಲ್ಲಿ ಬಸ್ಸು ಹತ್ತಿ ಇಳಿದು ಸಾಯ್ಲಿಕ್ಕೆ ಆಗುದಿಲ್ಲ. ಒಂದು ಸಾಲು ಇದ್ರೆಷ್ಟು, ಬಿಟ್ರೆಷ್ಟು."

ನನಗೆ ಸಮಾಧಾನವಾಯಿತು. ಆಗಬೇಕಿತ್ತು.

6 ಜನವರಿ, ಮಂಗಳವಾರ

ಸಾಲು ತೆಗೆದು ಸೂಚಿಯನ್ನು ಅಹಮದಾಬಾದಿಗೆ ಕಳಿಸಿದೆ. ಶೇಷಾದ್ರಿ, "ಎಂತದು ಪದ್ಮನಾಭಣ್ಣ, ಮಸಾಲೆ ದೋಸೆ ಅರ್ಧ ಬಿಟ್ರಿ?" ಎಂದು ಕೇಳಿದ. ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎಂದು ಸುಳ್ಳು ಹೇಳಿದೆ. ಅವನು ಒಳಗೆ ಹೋಗಿ ಅಡುಗೆಯವನಿಗೆ ಬಯ್ದ.

14 ಜನವರಿ, ಬುಧವಾರ

ಉತ್ತರಾಯಣ. ಇಡೀ ವಡೋದರಾ ಗಾಳಿಪಟ ಹಿಡಿದು ತಾರಸಿಯ ಮೇಲೆ. ಪಕ್ಕದ ಬ್ಲಾಕಿನ ಮಂಜುಳಾಬೆನ್ ಊಂಧಿಯು ಎಂಬ ಹಬ್ಬದ ತರಕಾರಿ ಪಲ್ಯ ಮಾಡಿ ಕರೆದಿದ್ದರು, ಹೋದೆವು. ಅವರು ಬಲ್ಬು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಗಂಡನಿಲ್ಲ, ಬಾಯಿ ಜೋರು. ನನ್ನ ಗಾಳಿಪಟ ಹಾರುವ ಮೊದಲೇ ಮೂರು ಸಲ ಹರಿಯಿತು, ಮಕ್ಕಳೆಲ್ಲ "ಕಾಪ್ಯೋ ಛೇ!" ಎಂದು, ಕತ್ತರಿಸಿದೆವು ಎಂದು, ಕೂಗಿದರು.

ಮಂಜುಳಾಬೆನ್ ಸೊಸೆಗೆ ಏಳು ತಿಂಗಳು. ನೆರಳಲ್ಲಿ ಚಾಪೆ ಹಾಕಿ ಕೂಡಿಸಿದ್ದರು. ಮಂಜುಳಾಬೆನ್ ಯಶೋದಾಳ ತಟ್ಟೆಗೆ ಇನ್ನೊಂದು ಜಿಲೇಬಿ ಹಾಕುತ್ತ, "ಸಿಸ್ಟರ್, ನಿಮ್ಮ ಯಜಮಾನರು ಈಗ ಮಂತ್ರಿಗಳ ಆಫೀಸಿನವರು. ಇವಳ ಹೆರಿಗೆಯೊಳಗೆ ಲೇಡಿ ಡಾಕ್ಟರ್ ಬರುತ್ತಾರೆ ಅಲ್ಲವೇ? ಪೇಟೆ ಆಸ್ಪತ್ರೆಗೆ ಹೋದ ದಿನವೆಲ್ಲ ನನ್ನ ಹಾಜರಿ ಹೋಗುತ್ತದೆ" ಎಂದರು.

ಯಶೋದಾ ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಜಿಲೇಬಿ ತಟ್ಟೆಯಲ್ಲೇ ಉಳಿಯಿತು. ಮನೆಗೆ ಬಂದ ಮೇಲೆ, "ತಲೆನೋವು" ಎಂದು ಮಲಗಿದಳು. ಸ್ವಲ್ಪ ಹೊತ್ತಿಗೆ ಗೋಡೆಗೆ ಹೇಳಿದ ಹಾಗೆ ಹೇಳಿದಳು, "ನಂಗೆ ಅವರ ಮುಖ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ."

15 ಜನವರಿ, ಗುರುವಾರ

ಬೆಳಿಗ್ಗೆ ಎಸ್.ಟಿ.ಡಿ. ಬೂತಿನಿಂದ ಪ್ರೆಸ್ಸಿಗೆ ಫೋನು ಮಾಡಿದೆ. ಆ ಸಾಲನ್ನೂ ಐದು ಉತ್ತರವನ್ನೂ ವಾಪಸು ಹಾಕಬೇಕಿತ್ತು ಎಂದೆ. "ಅಂಕಲ್, ಮೂರು ಸಾವಿರ ಪ್ರತಿ ಅಚ್ಚಾಗಿ ಹೊಲಿಗೆಗೆ ಹೋಗಿದೆ" ಎಂದ ನಿತಿನ್.

ನಾಚಿಕೆಯಾಯಿತು. ಯಾಕೆ ಎಂದು ಸರಿಯಾಗಿ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಮ್ಯಾನೇಜರ್ ಹೇಳಿದ್ದಕ್ಕೆ ಎಷ್ಟೋ ಸಾಲು ಹೊಡೆದುಹಾಕಿದ್ದೇನೆ, ಊಟ ಸೇರದೆ ಇದ್ದದ್ದಿಲ್ಲ.

25 ಜನವರಿ, ಭಾನುವಾರ

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ನಮ್ಮ ಕಾಲೊನಿಯಿಂದಲೂ ಹೆಂಗಸರನ್ನು ಎರಡು ಬಸ್ಸಿನಲ್ಲಿ ಕರೆತಂದಿದ್ದರು. ಯಶೋದಾ ಮಂಜುಳಾಬೆನ್ ಪಕ್ಕ ಕುಳಿತಿದ್ದಳು. ಪುಸ್ತಕ ಬಿಡುಗಡೆಯಾಯಿತು. ಎಲ್ಲರೂ ಕೊನೆಯ ಪುಟ ತೆರೆದು ತಮ್ಮ ಹೆಸರು ಹುಡುಕಿದರು. ಪೇಡೆಯ ಕಾರ್ಪೊರೇಟರ್ ನನ್ನನ್ನು ದುರುಗುಟ್ಟಿ ನೋಡಿದ.

ಧನವಂತಭಾಯಿ ಚೆನ್ನಾಗಿ ಮಾತನಾಡಿದರು. ಕೊನೆಗೆ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಪುಸ್ತಕವನ್ನು ಎತ್ತಿ ಹಿಡಿದು, "ಈ ಕರ್ನಾಟಕದ ಪದ್ಮನಾಭಭಾಯಿ ನನ್ನ ಇಪ್ಪತ್ತೈದು ವರ್ಷವನ್ನು ಹತ್ತು ಪುಟದಲ್ಲಿ ಜೋಡಿಸಿಟ್ಟಿದ್ದಾರೆ. ಹೇಳಿ ಭಾಯಿ, ಜನರ ಕೆಲಸ ಯಾವುದಾದರೂ ಬಿಟ್ಟುಹೋಗಿದೆಯೇ?" ಎಂದು ಮೈಕನ್ನು ನನ್ನ ಕಡೆ ತಿರುಗಿಸಿದರು. ಏನೂ ಬಿಟ್ಟಿಲ್ಲ, ಧನ್ಯವಾದ ಎಂದು ಹೇಳಿ ಇಳಿಯುವುದು ನನ್ನ ಕೆಲಸವಾಗಿತ್ತು.

"ಒಂದು ಬಿಟ್ಟುಹೋಗಿದೆ, ಸಾಹೇಬರೇ. ಬಿಟ್ಟವನು ನಾನೇ" ಎಂದೆ.

ಆ ದನಿ ನನ್ನದೇ ಎಂದು ಧ್ವನಿವರ್ಧಕದಲ್ಲಿ ಕೇಳಿದ ಮೇಲೆ ಗೊತ್ತಾಯಿತು. ಜೇಬಿನಿಂದ ದವಾಖಾನೆಯ ಚೀಟಿ ತೆಗೆದೆ. ಬೆಳಿಗ್ಗೆ ಅಂಗಿ ತೊಡುವಾಗ ಅದನ್ನು ಜೇಬಿಗೆ ಹಾಕಿಕೊಂಡಿದ್ದೆ. ಐದು ತಾರೀಕು, ಐದು ಉತ್ತರ ಓದಿದೆ, ಡಿಕ್ಟೇಶನ್ ಓದಿ ಹೇಳುವ ಹಾಗೆ, ಏರಿಳಿತವಿಲ್ಲದೆ. ಆಮೇಲೆ, "ಆರನೆಯದಕ್ಕೆ ಒಂದು ತಾರೀಕು ಬೇಕಿತ್ತು, ಸಾಹೇಬರೇ" ಎಂದೆ.

ಬಕುಲೇಶ್ ಮೈಕಿನ ವೈರು ಎಲ್ಲಿದೆ ಎಂದು ಹುಡುಕುತ್ತಿದ್ದ. ಮಂಜುಳಾಬೆನ್ ಎದ್ದು ಚಪ್ಪಾಳೆ ಹೊಡೆದರು, ಎರಡು ಬಸ್ಸಿನ ಹೆಂಗಸರೂ ಹೊಡೆದರು. ಮಂತ್ರಿಗಳು ಪತ್ರಕರ್ತರ ಸಾಲನ್ನು ಒಮ್ಮೆ ನೋಡಿ, ನಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿದರು. ಕೈ ಭಾರವಾಗಿತ್ತು.

"ಬರೆದುಕೊಳ್ಳಿ, ಭಾಯಿ. ಫೆಬ್ರವರಿ ಹದಿನಾರು. ಲೇಡಿ ಡಾಕ್ಟರ್ ಬರುತ್ತಾರೆ. ದವಾಖಾನೆ ಮುಚ್ಚುವುದಿಲ್ಲ."

ಬರೆದುಕೊಂಡೆ. ಫೆಬ್ರವರಿ ಹದಿನಾರು, ಸೋಮವಾರ ಎಂದು ಅಭ್ಯಾಸದಂತೆ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಂಡೆ. ಜನ ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಗಸರು ಹಾಡು ಹೇಳುತ್ತಿದ್ದರು. ಯಶೋದಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

26 ಜನವರಿ, ಸೋಮವಾರ

"ನನ್ನತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?" ಎಂದಳು.

"ನನಗೇ ಗೊತ್ತಿರಲಿಲ್ಲ" ಎಂದೆ. ನಂಬಿದಳೋ ಇಲ್ಲವೋ. ಆದರೆ ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದಳು.

10 ಫೆಬ್ರವರಿ, ಮಂಗಳವಾರ

ಆದೇಶ ಬಂತು. ಸಾರ್ವಜನಿಕ ಹಿತದೃಷ್ಟಿಯಿಂದ ಸಿಸ್ಟರ್ ಯಶೋದಾ ಅವರನ್ನು ಸೂರತ್ ಬಳಿಯ ಹಜೀರಾದ ದವಾಖಾನೆಗೆ ವರ್ಗಾಯಿಸಲಾಗಿದೆ. 16ರ ಸಂಜೆಯೊಳಗೆ ಹಾಜರಾಗತಕ್ಕದ್ದು.

ಬಕುಲೇಶ್ ಫೋನು ಎತ್ತುವುದಿಲ್ಲ. ಮೂಲೆ ಮೇಜಿನಲ್ಲಿ ನನಗೀಗ ಕೆಲಸವೂ ಇಲ್ಲ.

12 ಫೆಬ್ರವರಿ, ಗುರುವಾರ

ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿ ನಾಲ್ವರು ಹೆಂಗಸರು. ಒಬ್ಬರಿಗೆ ರೇಷನ್ ಕಾರ್ಡು, ಇಬ್ಬರಿಗೆ ನಲ್ಲಿ, ಒಬ್ಬರಿಗೆ ಸುಮ್ಮನೆ ನನ್ನನ್ನು ನೋಡಬೇಕಿತ್ತು. ಅರ್ಜಿ ಬರೆದುಕೊಟ್ಟೆ. "ದಯಮಾಡಿ ಪರಿಶೀಲಿಸಿ" ಎಂದು ಬರೆಯುವುದನ್ನು ಬಿಟ್ಟಿದ್ದೇನೆ, "ಯಾವ ತಾರೀಕಿನೊಳಗೆ ಎಂದು ತಿಳಿಸಿ" ಎಂದು ಬರೆಯುತ್ತೇನೆ. ಅಷ್ಟೇ ವ್ಯತ್ಯಾಸ, ಉಳಿದಂತೆ ಇದೂ ಸ್ಟೆನೊ ಕೆಲಸವೇ.

ಯಶೋದಾ ಟ್ರಂಕು ತುಂಬುತ್ತ ಅಡುಗೆಮನೆಯಿಂದ ನನಗೆ ಕುಕ್ಕರಿನ ಪಾಠ ಹೇಳಿದಳು. ಮೂರು ಸೀಟಿ ಅನ್ನಕ್ಕೆ, ನಾಲ್ಕು ಬೇಳೆಗೆ. ಬರೆದುಕೊಂಡೆ.

16 ಫೆಬ್ರವರಿ, ಸೋಮವಾರ

ಮಂತ್ರಿಗಳು ಮಾತು ಉಳಿಸಿಕೊಂಡರು. ಹತ್ತು ಗಂಟೆಗೆ ಸರಿಯಾಗಿ ದವಾಖಾನೆಯ ಎದುರು ಆಟೊ ನಿಂತಿತು. ಸೂಟ್‌ಕೇಸು ಹಿಡಿದು ಇಳಿದವರು ಡಾಕ್ಟರ್ ಸ್ವಾತಿ ದೇಸಾಯಿ, ಇನ್ನೂ ಮೂವತ್ತು ದಾಟಿಲ್ಲ. ಬಹಳ ದಣಿದಿದ್ದರು. "ನಾಲ್ಕು ದಿನದ ಹಿಂದೆ ಆದೇಶ ಬಂತು, ಮನೆ ಕೂಡ ಹುಡುಕಿಲ್ಲ" ಎಂದರು. ನಲವತ್ಮೂರು ಹೆಂಗಸರ ಸಾಲು. ಮಂಜುಳಾಬೆನ್ ಸೊಸೆಯೇ ಮೊದಲು. ಒಳಗೆ ಹೋಗಿ ಹತ್ತು ನಿಮಿಷಕ್ಕೆ ನಗುತ್ತ ಹೊರಗೆ ಬಂದಳು. ನನ್ನ ಜೀವಮಾನದಲ್ಲಿ ನಾನು ಮಾಡಿದ ಕೆಲಸವೊಂದು ಹೀಗೆ ಎದುರಿಗೆ ನಡೆದುಕೊಂಡು ಬಂದದ್ದು ಇದೇ ಮೊದಲು.

ಯಶೋದಾ ಔಷಧಿ ಕಪಾಟಿನ ಬೀಗದ ಕೈ ಒಪ್ಪಿಸಿ ಸಹಿ ಹಾಕಿದಳು. ಹನ್ನೆರಡೂವರೆಯ ಗಾಡಿ. ಪ್ಲಾಟ್‌ಫಾರಂನಲ್ಲಿ, "ಸಿಟ್ಟುಂಟಾ?" ಎಂದು ಕೇಳಿದೆ.

"ಉಂಟು" ಎಂದಳು. "ಆದ್ರೆ ಆ ಹುಡುಗಿ ನಕ್ಕದ್ದು ನೋಡಿದ್ರಲ್ಲ. ಅದೂ ಉಂಟು. ಹಾಲು ಕಾಯಿಸಿ ಇಡಿ." ಗಾಡಿ ಹೊರಟಿತು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತೆ.

ಏಳು ಗಂಟೆಗೆ ಅವಳ ಫೋನು ಬಂತು. ಅನ್ನ ಆಯಿತೇ ಎಂದು ಕೇಳಲಿಲ್ಲ.

"ಕೇಳಿ. ನಾನು ಬಂದು ಮುಟ್ಟಿದ್ದೇ ಇಲ್ಲಿಯ ಹೆಂಗಸ್ರೆಲ್ಲ ಸುತ್ತ ಸೇರಿದ್ರು. ನಮ್ಮ ಡಾಕ್ಟರ್ ಬೆನ್ ಎಲ್ಲಿ, ಇನ್ನು ಯಾವಾಗ ಬರ್ತಾರೆ ಅಂತ ಕೇಳ್ತಿದ್ದಾರೆ."

"ಯಾವ ಡಾಕ್ಟರ್?"

"ಇನ್ಯಾವ ಡಾಕ್ಟರ್? ಸ್ವಾತಿ ದೇಸಾಯಿ."

ತಾರೀಕು ಕೇಳಿದೆ, ಎಲ್ಲಿಂದ ತರುತ್ತೀರಿ ಎಂದು ಕೇಳಲಿಲ್ಲ. ಇಲ್ಲಿಯ ನಲವತ್ಮೂರು ಹೆಂಗಸರ ನಗು ಅಲ್ಲಿಯವರ ಮನೆಯಿಂದ ಎತ್ತಿ ತಂದದ್ದು. ಬಹಳ ಕೆಟ್ಟದೆನಿಸಿತು.

"ನೀನು ಏನು ಹೇಳಿದೆ?" ಎಂದು ಕೇಳಿದೆ.

"ಎಂತ ಹೇಳುದು? ನನ್ನ ಗಂಡ ಶನಿವಾರ ಬರ್ತಾರೆ, ಎಲ್ಲ ಅವರತ್ರ ಹೇಳಿ, ಬರೆದುಕೊಳ್ತಾರೆ ಅಂದೆ" ಎಂದು ಫೋನು ಇಟ್ಟಳು.

ಶನಿವಾರ ಬೆಳಿಗ್ಗೆ ಏಳಕ್ಕೊಂದು ಗಾಡಿ ಇದೆ. ಬೇಗ ಏಳಬೇಕು.